ಡಾಟ್‌ಗೂ ಕ್ರಾಸ್‌ಗೂ ಸಂಬಂಧವಿಲ್ಲವಂತೆ

ನನಗೆ ಸಿಟ್ಟು ಬಂದರೆ ಮುಖದಲ್ಲಿ ಕಾಣುವುದಿಲ್ಲ, ಕಿವಿ ಬಿಸಿಯಾಗುತ್ತದೆ. ಹೋದ ವಾರ ನಂಜನಗೂಡಿನ ನಮ್ಮ ಪಿಯು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎರಡೂ ಕಿವಿ ಬಿಸಿಯಾದವು.

ಗಣಿತದ ಟೆಸ್ಟಿನಲ್ಲಿ ನಾನೇ ಕೊಟ್ಟ ಲೆಕ್ಕ. ಎರಡು ವೆಕ್ಟರ್‌ಗಳ ಉದ್ದ ಐದು ಮತ್ತು ಎರಡು, ಡಾಟ್ ಪ್ರಾಡಕ್ಟ್ ಆರು. ಕ್ರಾಸ್ ಪ್ರಾಡಕ್ಟಿನ ಅಳತೆ ಎಷ್ಟು? ಉಳಿದವರು ಕೋನದ ಕಾಸ್ ಹಿಡಿದು, ಅದರಿಂದ ಸೈನ್ ಹಿಡಿದು, ಮುಕ್ಕಾಲು ಪುಟ ತುಂಬಿಸಿದ್ದರು. ರೂಪಾ ಎಂಬ ಹುಡುಗಿ ಬರೆದದ್ದು ಒಂದೇ ಸಾಲು: ಐದೆರಡಲ ಹತ್ತು, ಹತ್ತರ ವರ್ಗ ನೂರು, ಆರರ ವರ್ಗ ಕಳೆದರೆ ಅರವತ್ತನಾಲ್ಕು, ಉತ್ತರ ಎಂಟು. ನಾನು ಮೂರಕ್ಕೆ ಮೂರು ಮಾರ್ಕ್ಸ್ ಕೊಟ್ಟೆ. ವಿಭಾಗದ ಹಿರಿಯರು ಎರಡನ್ನು ಹೊಡೆದುಹಾಕಿದರು. ಆ ಎರಡು ಹೋದರೆ ಅವಳು ಫೇಲು. ಫೇಲಾದವರು ಅಪ್ಪನನ್ನು ಕರೆತರಬೇಕು. ತಾಂಡ್ಯದ ಫ್ಯಾಕ್ಟರಿಯಲ್ಲಿರುವ ಅವಳಪ್ಪ ಮಗಳ ಓದು ನಿಲ್ಲಿಸಲು ಒಂದು ನೆಪಕ್ಕೇ ಕಾದಿದ್ದಾರೆ.

"ಮಾರ್ಕ್ಸ್ ಕೊಡೋ ಸ್ಕೀಮಲ್ಲಿ ಈ ಸ್ಟೆಪ್ ಇಲ್ಲ ಕಣಮ್ಮ," ಎಂದರು ಹಿರಿಯರು. "ಡಾಟ್ ಒಂದು ಪಾಠ, ಕ್ರಾಸ್ ಇನ್ನೊಂದು ಪಾಠ. ಅವೆರಡಕ್ಕೂ ಏನು ಸಂಬಂಧ?"

ಸಂಬಂಧವಿಲ್ಲವಂತೆ! ಎರಡು ವೆಕ್ಟರ್‌ಗಳು ಎಷ್ಟು ಜೊತೆಯಾಗಿ ಹೋಗುತ್ತವೆ ಎಂದು ಡಾಟ್ ಹೇಳುತ್ತದೆ, ಎಷ್ಟು ಅಡ್ಡವಾಗಿವೆ ಎಂದು ಕ್ರಾಸ್. ಒಂದು ತಗ್ಗಿದಂತೆ ಇನ್ನೊಂದು ಹೆಚ್ಚುತ್ತದೆ. ಆದರೆ ಇವೆರಡರ ವರ್ಗಗಳನ್ನು ಕೂಡಿದರೆ ಮೊತ್ತ ಅಲುಗುವುದಿಲ್ಲ, ಅದು ಯಾವಾಗಲೂ ಉದ್ದಗಳ ಗುಣಲಬ್ಧದ ವರ್ಗವೇ. ಒಂದೇ ಅಡುಗೆಮನೆಯ ಅತ್ತೆ ಸೊಸೆಗೂ ಇಷ್ಟು ಹತ್ತಿರದ ಸಂಬಂಧವಿರಲಾರದು.

ಹೇಗೆ ಹೊಳೆಯಿತೆಂದು ರೂಪಾಳನ್ನು ಕೇಳಿದೆ. ಕಾಪಿ ಹೊಡೆದಳೆಂದು ಅನುಮಾನಿಸುತ್ತಿದ್ದೇನೆ ಅಂದುಕೊಂಡು ಹೆದರಿದಳು.

"ನಮ್ಮಾವ ಟಿ. ನರಸೀಪುರದ ಸಂಗಮದಲ್ಲಿ ತೆಪ್ಪ ಆಕ್ತಾರೆ ಮಿಸ್. ಹುಟ್ಟು ಓರೆಯಾದ್ರೆ ತೆಪ್ಪ ಸುತ್ತುತ್ತೆ, ಮುಂದಕ್ಕೋಗೋದು ಕಮ್ಮಿ. ತೋಳಿನ ಬಲ ಮಾತ್ರ ಮೊದಲಿದ್ದಷ್ಟೇ ಅಲ್ವಾ? ಅದಕ್ಕೇ ವರ್ಗ ಮಾಡಿ ಕೂಡಿ ನೋಡ್ದೆ."

ಇದನ್ನು ಹಿರಿಯರಿಗೆ ಹೇಳಿದೆ. ಉತ್ತರ ಸರಿ, ದಾರಿ ತಪ್ಪು ಎಂದರು. ಕಪಿಲೆ ನಮ್ಮೂರಿನ ಮೇಲೆ ಹಾದು ಸಂಗಮ ಸೇರುತ್ತಾಳೆ, ಕಾವೇರಿ ಬೇರೆ ದಾರಿಯಲ್ಲಿ ಬರುತ್ತಾಳೆ. ದಾರಿ ಬೇರೆಯೆಂದು ಇವತ್ತಿಗೂ ಯಾರೂ ಇಬ್ಬರಲ್ಲಿ ಒಬ್ಬಳ ಮಾರ್ಕ್ಸನ್ನೂ ಕಳೆದಿಲ್ಲ. ಇದೆಲ್ಲ ಮನಸ್ಸಿನಲ್ಲೇ ಅಂದುಕೊಂಡೆ. ಕೆಂಪು ಪೆನ್ ತೆಗೆದು ಮತ್ತೆ ಮೂರು ಬರೆದು, ಪಕ್ಕದಲ್ಲಿ ಸಹಿ ಹಾಕಿದೆ. ಅಪ್ಪನನ್ನು ಕರೆಸುವ ಪ್ರಸಂಗ ಬರಲಿಲ್ಲ.

ಅಂದಿನಿಂದ ಹಿರಿಯರೂ ನಾನೂ ಲಂಬಕೋನದಲ್ಲಿದ್ದೇವೆ. ನಮ್ಮ ಡಾಟ್ ಸೊನ್ನೆ. ನನ್ನ ಕಿವಿ ಇನ್ನೂ ಬಿಸಿಯಾಗಿಯೇ ಇದೆ. ಆದರೆ ಡಾಟ್ ಸೊನ್ನೆಯಾದಾಗ ಕ್ರಾಸ್ ಪೂರ್ತಿಯಾಗುತ್ತದೆ. ಅದು ಅವರ ಕಡೆಗೂ ಅಲ್ಲ, ನನ್ನ ಕಡೆಗೂ ಅಲ್ಲ, ಮೂರನೆಯ ದಿಕ್ಕಿಗೆ ಏಳುತ್ತದೆ. ನಿನ್ನೆ ಕ್ಲಾಸಿನಲ್ಲಿ ಆ ದಿಕ್ಕಿಗೆ ನೋಡಿದೆ. ರೂಪಾ ಬೋರ್ಡಿನ ಮುಂದೆ ನಿಂತು, ಹಿಂದಿನ ಬೆಂಚಿಗೂ ಕಾಣುವಷ್ಟು ದಪ್ಪವಾಗಿ, ತನ್ನ ಒಂದು ಸಾಲು ಬರೆಯುತ್ತಿದ್ದಳು.