ಮೊದಲು ಬಾಯಿ ಬಿಡದ ಹಾಲಿನವಳು

ಬೆಳಗಿನ ಐದೂಕಾಲು. ಇಟಲಿಯ ಗಡಿಯಲ್ಲಿರುವ ಕನಾಲೆ ಕಣಿವೆಯ ಮೇಲಿನ ಕೇರಿಯಲ್ಲಿ ನಿವೆಸ್ ಮೋಶಿಟ್ಸ್ ವ್ಯಾನು ನಿಲ್ಲಿಸಿ, ಉರ್ಶಾ ಅಜ್ಜಿಯ ಕೊಟ್ಟಿಗೆಯಿಂದ ಹಾಲಿನ ಕ್ಯಾನು ಎತ್ತುತ್ತಾರೆ. ಇವತ್ತು ಕ್ಯಾನು ಎರಡು. ಒಂದು ಅಜ್ಜಿಯ ಹಸುವಿನದು, ಇನ್ನೊಂದು ಎದುರುಮನೆಯ ಫ್ಲೋರಿಯಾನ್ ಅವರದು. ಅವರು ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾರೆ, ಇವತ್ತೇ ಆಪರೇಷನ್. ಅಳತೆ ಮುಗಿದರೂ ನಿವೆಸ್ ಹೊರಡುವುದಿಲ್ಲ. ಬಾರ್ಲಿ ಕಾಫಿ ಹಿಡಿದು ಸುಮ್ಮನೆ ನಿಲ್ಲುತ್ತಾರೆ. ಅವರ ಎರಡನೇ ಕೆಲಸ ಶುರುವಾಗುವುದೇ ಆಗ.

ನಮ್ಮ ಕಣಿವೆಯ ನಾಲ್ಕು ಭಾಷೆಗಳಿಗೊಂದು ನಿಘಂಟು ಮಾಡಲು ಊರವರೇ ಇಪ್ಪತ್ತೆರಡು ವರ್ಷಗಳಿಂದ ಪದ ಹೆಕ್ಕಿ ಕೊಡುತ್ತಿದ್ದಾರೆ. ಮೇಷ್ಟರಿಗೆ, ಪಾದ್ರಿಗೆ ನೂರಾರು ಪದ ಸಿಕ್ಕವು. ಎಂಟನೇ ತರಗತಿಗೇ ಶಾಲೆ ಬಿಟ್ಟ ನಿವೆಸ್‌ಗೆ ಸಿಕ್ಕಿದ್ದು ಒಂದೇ ಒಂದು: ಹಾಲು. ಇದಕ್ಕೆ ಸಂಬಳವಿಲ್ಲ, ಪುಸ್ತಕದಲ್ಲಿ ಅವರ ಹೆಸರೂ ಇರುವುದಿಲ್ಲ.

ಇಟಾಲಿಯನ್ನರ ‘ಲಾತ್ತೆ’, ಫ್ರಿಯುಲಿಯವರ ‘ಲಾತ್’ ವ್ಯಾಕರಣದಲ್ಲಿ ಎರಡೂ ಗಂಡು. ಜರ್ಮನ್ನರ ‘ಮಿಲ್ಖ್’ ಹೆಣ್ಣು. ಸ್ಲೊವೀನರ ‘ಮ್ಲೇಕೊ’ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಅದು ಹಾಲಿನ ಎಂದಾಗ ‘ಮ್ಲೇಕಾ’, ಹಾಲಿಗೆ ಎಂದಾಗ ‘ಮ್ಲೇಕು’ ಎಂದು ಬಾಲ ಬದಲಿಸುತ್ತಲೇ ಇರುತ್ತದೆ. ‘ಲಾತ್ತೆ’ ಮಾತ್ರ ಜಪ್ಪಯ್ಯ ಎಂದರೂ ಕದಲುವುದಿಲ್ಲ. ಅಂಜೂರದ ಕಾಯಿ ಕಿತ್ತಾಗ ಒಸರುವುದೂ ಇಟಾಲಿಯನ್ನರಿಗೆ ಹಾಲೇ. ಗಂಡುಮೀನಿನ ಹೊಟ್ಟೆಯ ಬಿಳಿಯನ್ನೂ ಜರ್ಮನ್ನರು ಹಾಲೆನ್ನುತ್ತಾರೆ. ಕೇಳಿಸಿಕೊಂಡ ಒಂದೊಂದು ಬಳಕೆಗೂ ಒಂದು ಚೀಟಿ; ಇವೆಲ್ಲ ಸೇರಿ ಸಾವಿರದ ನೂರ ನಲವತ್ತು. ನಿವೆಸ್ ನಗುತ್ತಾರೆ: “ಮನೇಲಿ ಗಂಡೋ ಹೆಣ್ಣೋ, ನನ್ನ ಟ್ಯಾಂಕಿಗೆ ಬಿದ್ಮೇಲೆ ಎಲ್ಲಾ ಒಂದೇ.”

ಕೆಲಸದ ನಿಯಮ ಬಿಗಿಯಾದದ್ದು. ಪದ ತಾನಾಗಿ ಬರಬೇಕು. ಕೇಳುವವರು ಮೊದಲು ಅದನ್ನು ಆಡಿದರೆ ಚೀಟಿ ಕೆಟ್ಟಂತೆ. ಕೆಲಸ ಶುರುವಾದಾಗ ಮೂವತ್ತನಾಲ್ಕಿದ್ದ ಹಾಲಿನ ಮನೆಗಳು ಈಗ ಹನ್ನೊಂದಾಗಿವೆ. ಕಾಯಬೇಕಾದ ಬಾಯಿಗಳೂ ಅಷ್ಟೇ.

ಉಳಿದಿರುವುದು ಒಂದೇ ಅರ್ಥ. ರಕ್ತಸಂಬಂಧವಿಲ್ಲದೆ ಒಂದೇ ತಾಯಿಯ ಎದೆಹಾಲು ಕುಡಿದು ಬೆಳೆದವರನ್ನು ಕರೆಯುವ ಮಾತು. ಮೂರು ಭಾಷೆಗಳಲ್ಲಿ ಅದು ಸಿಕ್ಕಿದೆ, ನಮ್ಮ ಕೇರಿಯ ಸ್ಲೊವೀನ್‌ನಲ್ಲಿ ಮಾತ್ರ ಇಲ್ಲ. ಶನಿವಾರ ಪುಸ್ತಕ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ಸಿಗದಿದ್ದರೆ ಅದರ ಮುಂದೆ ಸತ್ತ ಪದದ ಗುರುತಾದ ಶಿಲುಬೆ ಬೀಳುತ್ತದೆ.

ಅದನ್ನು ಆಡಬಲ್ಲವರು ಉರ್ಶಾ ಅಜ್ಜಿಯೊಬ್ಬರೇ. ಎಂಬತ್ತಾರು ವರ್ಷದ ಹಿಂದೆ ಹೆರಿಗೆಯಲ್ಲಿ ತಾಯಿಯನ್ನು ಕಳೆದುಕೊಂಡ ಜರ್ಮನ್ ಮನೆಯ ಕೂಸು ಫ್ಲೋರಿಯಾನ್‌ಗೆ ಹಾಲೂಡಿಸಿದ್ದು ಉರ್ಶಾ ಅವರ ತಾಯಿ. ಆರು ವರ್ಷದ ಹಿಂದೆ ನಿವೆಸ್ ತಡೆಯಲಾರದೆ, ಆ ಪದ ಹೀಗಿರಬಹುದೆಂದು ಊಹಿಸಿ ತಾವೇ ಆಡಿ, ಹೌದೋ ಅಲ್ಲವೋ ಎಂದು ಕೇಳಿಬಿಟ್ಟರು. ಅಜ್ಜಿ ಅದೇ ಪದ ಬಳಸಿ ಹೌದೆಂದರು. “ಬರ್ಕೊಂಡೆ. ಸೇತುವೆ ಹತ್ರ ಹೋಗಿ ಹರಿದು ಹಾಕ್ದೆ. ಅದು ಅವರ ಮಾತಲ್ಲ, ನಂದು,” ಎನ್ನುತ್ತಾರೆ ನಿವೆಸ್. ಅದೇ ಬೇಸಿಗೆ ಫ್ಲೋರಿಯಾನ್ ಅವರ ಪ್ಲಮ್ ಮರ ಬೇಲಿ ದಾಟಿತು, ಎರಡೂ ಮನೆಗೆ ಮಾತು ಬಿಟ್ಟಿತು. ಅಂದಿನಿಂದ ಅಜ್ಜಿಯ ಬಾಯಲ್ಲಿ ಅವರು ಬರೀ ‘ಎದುರುಮನೆ ಮೊಂಡ’.

ಇದು ಗುರುವಾರ. ಅವರ ಬಗ್ಗೆ ಬರೆಯಲೆಂದು ಜೊತೆಗೆ ಬಂದ ನನಗೆ ವ್ಯಾನಿನಲ್ಲೇ ನಿವೆಸ್ ತಾಕೀತು ಮಾಡಿದ್ದರು: “ಏನ್ ಬೇಕಾದ್ರೂ ಕೇಳಿ, ಆ ಪದ ಮಾತ್ರ ಆಡ್ಬೇಡಿ.” ಹಾಗಾಗಿ ನಾನು ಎರಡನೇ ಕ್ಯಾನನ್ನು ತೋರಿಸಿ, ಮಾತೇ ಬಿಟ್ಟವರ ಹಸುವನ್ನು ಕರೆಯುವುದೇಕೆ ಎಂದಷ್ಟೇ ಕೇಳುತ್ತೇನೆ.

ಅಜ್ಜಿ ನನ್ನನ್ನು ದುರುಗುಟ್ಟಿ ನೋಡುತ್ತಾರೆ. “ಇನ್ಯಾರು ಕರೀಬೇಕು? ನೀನ್ ಕರೀತೀಯಾ?” ಕೈ ಒರೆಸಿಕೊಳ್ಳುತ್ತಾರೆ. ಬಾಗಿಲಾಚೆ ಮುಚ್ಚಿದ ಎದುರುಮನೆ. “ಹಾಲಿನ ತಮ್ಮ ಕಣೋ ಅವನು ನಂಗೆ. ಅವನು ಹೋಗ್ಬಿಟ್ರೆ ನಾನ್ಯಾರನ್ನ ಬೈಲಿ?”

ನಿವೆಸ್ ಲೋಟ ಕೆಳಗಿಟ್ಟು, ಅಜ್ಜಿಯ ಭುಜ ಒಮ್ಮೆ ಮುಟ್ಟಿ, ವ್ಯಾನಿಗೆ ಬಂದು ಚೀಟಿ ತೆಗೆಯುತ್ತಾರೆ. ಅಜ್ಜಿಯ ಕೊನೆಯ ಎರಡೂ ಸ್ಲೊವೀನ್ ವಾಕ್ಯಗಳನ್ನು ಆಡಿದ ಹಾಗೆಯೇ ಬರೆದು, ಹೆಸರು, ತಾರೀಕು ಹಾಕುತ್ತಾರೆ. ಪದ ಬಳಕೆಯಲ್ಲಿದೆಯೇ ಎಂಬ ಕಡೆಯ ಸಾಲಿಗೆ ಬಂದಾಗ ಪೆನ್ಸಿಲ್ ಸ್ವಲ್ಪ ನಿಲ್ಲುತ್ತದೆ. ಆಮೇಲೆ ‘ಇದೆ’ ಎಂದು ಬರೆಯುತ್ತಾರೆ.

“ನೋಡಿದ್ರಲ್ಲ,” ಎನ್ನುತ್ತಾರೆ ವ್ಯಾನು ಚಾಲೂ ಮಾಡುತ್ತ. “ನಾನು ಬಾಯಿ ಬಿಡ್ಲಿಲ್ಲ.”