ಡೇರಿಗೆ ಬಾರದ ದಿನಗಳು

ಎಂಬತ್ತರ ದಶಕದಲ್ಲಿ ನಾನು ಮಾದಿಹಳ್ಳಿಯ ಹಾಲಿನ ಡೇರಿಗೆ ಕಾರ್ಯದರ್ಶಿಯಾಗಿದ್ದೆ. ಆಗ ಹಳೇಬೀಡಿನಲ್ಲಿ ಕುಡಿತ ಬಿಡಿಸುವ ಶಿಬಿರವೊಂದು ಹತ್ತು ದಿನ ನಡೆಯಿತು. ಬಸದಿಯ ಹತ್ತಿರದ ಜೈನ ವ್ಯಾಪಾರಿಯೊಬ್ಬರು ತಮ್ಮ ಕೊಬ್ಬರಿ ಉಗ್ರಾಣವನ್ನೇ ಖಾಲಿ ಮಾಡಿಸಿ ಕೊಟ್ಟಿದ್ದರು. ನಮ್ಮೂರಿನ ನಾಲ್ವರು ಅಲ್ಲಿದ್ದು ಬಂದರು. ಶಿಬಿರ ನಡೆಸಿದ ಹಾಸನದ ಡಾಕ್ಟರಮ್ಮ ಅದು ಮುಗಿದ ಮೇಲೆ ನನ್ನನ್ನು ಹುಡುಕಿಕೊಂಡು ಡೇರಿಗೆ ಬಂದರು.

"ನಾನು ಈ ಕಡೆ ಬರೋದು ತಿಂಗಳಿಗೊಂದು ಸಲ. ನೀವು ಇವರನ್ನ ದಿನಕ್ಕೆರಡು ಸಲ ನೋಡ್ತೀರಿ. ಸ್ವಲ್ಪ ಗಮನ ಇಟ್ಟಿರಿ" ಎಂದರು.

ಅದೇನು ಮಹಾ ಕಷ್ಟವೆಂದು ಒಪ್ಪಿಕೊಂಡೆ.

ನಾಲ್ವರಲ್ಲಿ ಒಬ್ಬ ಗಾರೆ ಕೆಲಸದವನು. ನನಗಿಂತ ದೊಡ್ಡವನಾದ್ದರಿಂದ ಅಣ್ಣ ಎನ್ನುತ್ತಿದ್ದೆ. ಮೊದಲೆಲ್ಲ ಹಾಲು ತರುತ್ತಿದ್ದವಳು ಅವನ ಹೆಂಡತಿ. ಶಿಬಿರದಿಂದ ಬಂದ ಮೇಲೆ ಅವನೇ ತರತೊಡಗಿದ. ಶುರುವಿನಲ್ಲಿ ಕೈ ನಡುಗಿ ಒಂದಿಷ್ಟು ಹಾಲು ಹೊರಗೆ ಚೆಲ್ಲುತ್ತಿತ್ತು. ಸಾಲಿನಲ್ಲಿ ನಿಂತವರು ಕಿಸಕ್ಕೆನ್ನುತ್ತಿದ್ದರು. ಅವನು ತಲೆ ತಗ್ಗಿಸಿಕೊಂಡು ಸುರಿದು ಹೋಗುತ್ತಿದ್ದ. ಬರುವುದನ್ನು ಮಾತ್ರ ತಪ್ಪಿಸಲಿಲ್ಲ.

ಮೂರನೆಯ ತಿಂಗಳಲ್ಲಿ ಒಂದು ಸಂಜೆ ಹೆಂಡತಿ ಕ್ಯಾನು ಹಿಡಿದು ಬಂದಳು. "ಅವ್ರಿಗೆ ಜ್ವರ ಐತೆ ಕಣಣ್ಣ" ಎಂದಳು, ನನ್ನ ಮುಖ ನೋಡದೆ. ಮಾರನೆಯ ಬೆಳಿಗ್ಗೆಯೂ ಅವಳೇ ಬಂದಳು. ಸಂಜೆ ಅವನು ಬಂದ. ಹತ್ತಿರ ನಿಲ್ಲುತ್ತಲೇ ಸಾರಾಯಿಯ ವಾಸನೆ ಹೊಡೆಯಿತು.

"ಮಾನ ಇಲ್ವಾ ನಿಂಗೆ? ಆ ಡಾಕ್ಟ್ರಮ್ಮ ಪಟ್ಟ ಕಷ್ಟನೆಲ್ಲ ಮಣ್ಣುಪಾಲು ಮಾಡ್ದಲ್ಲ!" ಎಂದು ಅಷ್ಟೂ ಜನರೆದುರು ಕೂಗಿದೆ.

ಅವನು ಏನೋ ಹೇಳಲು ಬಾಯಿ ತೆರೆದವನು, ಹಾಲು ಸುರಿಯದೆ ಕ್ಯಾನು ಹಿಡಿದುಕೊಂಡು ಹೊರಟುಹೋದ. ಮಾರನೆಯ ದಿನದಿಂದ ಆ ಮನೆಯ ಹಾಲು ಡೇರಿಗೆ ಬರಲಿಲ್ಲ, ಯಾವುದೋ ಹೋಟೆಲಿಗೆ ಹೋಗತೊಡಗಿತು.

ಡಾಕ್ಟರಮ್ಮ ಬಂದಾಗ ನಡೆದದ್ದನ್ನು ಹೇಳಿದೆ. ನಾನು ಮಾಡಿದ್ದೇ ಸರಿ ಎನ್ನುತ್ತಾರೆಂದು ಒಳಗೊಳಗೇ ಅಂದುಕೊಂಡಿದ್ದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

"ಕುಡಿದಿದ್ರೂ ನಿಮ್ಮ ಮುಂದೇನೇ ಬಂದು ನಿಂತ್ರಲ್ಲ, ಯಾಕೆ ಅಂತ ಕೇಳಿದ್ರಾ?" ಎಂದರು ಅವರು.

ಕೇಳಿರಲಿಲ್ಲ. ಎರಡು ದಿನ ಹೋಗಲೋ ಬೇಡವೋ ಎಂದು ಒದ್ದಾಡಿ, ಮೂರನೆಯ ಬೆಳಿಗ್ಗೆ ಅವನ ಮನೆಗೆ ಹೋದೆ. ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದ.

"ಅಣ್ಣ, ಅವತ್ತು ನಾನು ಹಂಗನ್ಬಾರ್ದಿತ್ತು. ತಪ್ಪಾಯ್ತು."

ಅವನು ಹುಲ್ಲು ಕೊಡವುತ್ತಲೇ ಇದ್ದ. ಕೊನೆಯ ಹಿಡಿಯನ್ನೂ ಹಾಕಿ, "ಇನ್ನೊಂದ್ಸಲ ಶಿಬಿರಕ್ಕೆ ಸೇರಿಸ್ಕೊತಾರಾ ಅಂತ ಕೇಳಾಕೆ ಬಂದಿದ್ದೆ ಕಣಪ್ಪ. ನೀನು ಬಾಯಿ ಬಿಡಾಕೇ ಬಿಡ್ಲಿಲ್ಲ" ಎಂದ.

ಹೆಂಡತಿ ಕಾಫಿ ತಂದಳು. ಮೂವರೂ ಜಗುಲಿಯಲ್ಲಿ ಕೂತು ಕುಡಿದೆವು.

ಮುಂದಿನ ಶಿಬಿರ ಅರಸೀಕೆರೆಯಲ್ಲಿತ್ತು. ನಾನೇ ಜೊತೆಯಲ್ಲಿ ಬಸ್ಸಿನಲ್ಲಿ ಹೋಗಿ ಬಿಟ್ಟು ಬಂದೆ. ಅದಾದ ಮೇಲೂ ಒಮ್ಮೆ ಎಡವಿದ. ಆಮೇಲೆ, ನನಗೆ ಗೊತ್ತಿರುವಂತೆ, ಮುಟ್ಟಲಿಲ್ಲ. ಉಳಿದ ಮೂವರಲ್ಲಿ ಇಬ್ಬರು ಬಿಟ್ಟರು, ಒಬ್ಬ ಕಾಮಾಲೆಯಾಗಿ ತೀರಿಕೊಂಡ. ಅವನ ಮನೆಗೂ ನಾನು ಎಷ್ಟೋ ಸಲ ಹೋಗಿದ್ದೆ, ಬೈಯದೆ, ಬುದ್ಧಿ ಹೇಳದೆ ಕೂತು ಬಂದಿದ್ದೆ. ಇನ್ನೇನಾದರೂ ಮಾಡಬಹುದಿತ್ತೇ ಎಂದು ಇವತ್ತಿಗೂ ಯೋಚಿಸುತ್ತೇನೆ.