ಹಕ್ಕಿ ಕಾಯುವವರು ಸುಮ್ಮನಾದ ಮಧ್ಯಾಹ್ನ

ಜೋಳದ ತೆನೆ ಹಾಲುಗಾಳು ಕಟ್ಟಿದಂದಿನಿಂದ ಕೊಯ್ಲಿನವರೆಗೆ ನಮ್ಮೂರು ಹಗಲೆಲ್ಲ ಅರಚುತ್ತಿತ್ತು. ಮಸ್ಕಿಯಿಂದ ಲಿಂಗಸೂಗೂರಿಗೆ ಹೋಗುವ ಗಾಡಿದಾರಿಯಲ್ಲಿ ಬರುವ ಹೊಸಬರು ಊರಲ್ಲಿ ಯಾರನ್ನೋ ಕೊಲ್ಲುತ್ತಿದ್ದಾರೆಂದು ಎತ್ತು ನಿಲ್ಲಿಸಿ ಕಿವಿಗೊಡುತ್ತಿದ್ದರು. ಕೊಲೆಯಲ್ಲ, ಹಕ್ಕಿ ಕಾಯುವುದು. ಹೊಲಕ್ಕೊಂದು ನಾಲ್ಕು ಕಂಬದ ಅಟ್ಟ, ಅಟ್ಟದ ಮೇಲೊಬ್ಬ ಮನುಷ್ಯ, ಅವನ ಕೈಯಲ್ಲಿ ಕವಣಿ, ಮಗ್ಗುಲಲ್ಲಿ ತೂತುಬಿದ್ದ ಡಬ್ಬಿ, ಬಾಯಲ್ಲಿ ಒಂದೇ ಸಮನೆ 'ಹೋ... ಹೋ... ಹೊಡೀ!' ಈ ಸಂಗೀತಸೇವೆ ಹೊತ್ತು ಹುಟ್ಟಿದಾಗ ಶುರುವಾದರೆ ಮುಳುಗುವವರೆಗೆ ನಿಲ್ಲುತ್ತಿರಲಿಲ್ಲ.

ಸೇವೆ ಸ್ವೀಕರಿಸಲು ಪ್ರತಿ ಚಳಿಗಾಲದಲ್ಲಿ ಎಲ್ಲಿಂದಲೋ ಬರುವ ಅತಿಥಿಗಳಿದ್ದವು. ತಿಳಿಗೆಂಪು ಮೈ, ಕರಿ ತಲೆ. ಮೋಡದ ಹಾಗೆ ಬಂದು ಹೊಲಕ್ಕಿಳಿಯುತ್ತಿದ್ದವು. ಹೆದರಿದಾಗ ಹೊರತು ಅವಕ್ಕೆ ಬಾಯಿ ಮುಚ್ಚುವ ಅಭ್ಯಾಸವಿಲ್ಲ. ತಿನ್ನುವಾಗಲೂ ಬೀಗರ ಪಂಕ್ತಿಯ ಹಾಗೆ ಗದ್ದಲ. ಒಂದು ಎದ್ದಿತೆಂದರೆ ಎಲ್ಲವೂ ಭರ್ರೆಂದು ಏಳುತ್ತಿದ್ದವು. ಮೊದಲನೆಯದು ಯಾಕೆ ಎದ್ದಿತೆಂದು ಉಳಿದವು ಎಂದೂ ವಿಚಾರಿಸಿದ್ದನ್ನು ನಾನು ಕಾಣೆ. ಇದನ್ನು ನೋಡಿ ನಾವು ನಗುತ್ತಿದ್ದೆವು. ಆಗ ನಮಗೆ ನಗುವ ಹಕ್ಕಿದೆ ಎಂದೇ ತಿಳಿದಿದ್ದೆವು.

ನಾನು ಹೇಳುತ್ತಿರುವುದು ನಿಜಾಮರ ಆಳ್ವಿಕೆಯ ಕಡೆಯ ಚಳಿಗಾಲದ ಮಾತು. ಕಡೆಯದೆಂದು ಈಗ ಹೇಳುವುದು ಸುಲಭ. ಆಗ ಅದು ಮುಗಿಯುವ ಹಾಗೇ ಕಾಣುತ್ತಿರಲಿಲ್ಲ. ಬಂದೂಕು ಹಿಡಿದ ಗುಂಪುಗಳು ಕುದುರೆಯ ಮೇಲೆ, ಲಾರಿಯ ಮೇಲೆ ಬಂದು ಹಳ್ಳಿಗಳನ್ನು ಸೂರೆ ಮಾಡುತ್ತಿದ್ದವು. ರಾತ್ರಿ ಹಾವನ್ನು 'ಹುಳ' ಎನ್ನುವ ಹಾಗೆ ನಮ್ಮೂರಿನಲ್ಲಿ ಆ ಜನಕ್ಕೆ 'ಅವರು' ಎನ್ನುತ್ತಿದ್ದರು. ಹೆಸರು ಹೇಳಿದರೆ ಬಂದಾರೆಂಬ ಭಯ. ಲಿಂಗಸೂಗೂರಿನ ನನ್ನ ಶಾಲೆ ಗಲಾಟೆಗೆ ಮುಚ್ಚಿತ್ತು. ನಾನು ಊರಿಗೆ ಬಂದು ಕೂತಿದ್ದೆ. ನನಗಾಗ ಮೀಸೆ ಮೂಡಿತ್ತು, ಧೈರ್ಯ ಮೂಡಿರಲಿಲ್ಲ.

ಮನೆಯಲ್ಲಿ ಅವ್ವ, ದೊಡ್ಡಪ್ಪ, ನಾನು. ಜೊತೆಗೆ ಚೊಚ್ಚಲ ಬಾಣಂತನಕ್ಕೆ ಬಂದಿದ್ದ ಅಕ್ಕ. ಅವಳನ್ನು ಸಾಲಗುಂದಕ್ಕೆ ಕೊಟ್ಟಿತ್ತು. ಅವಳ ಗಂಡ, ನಮ್ಮ ಮಾವ, ಹೆಂಡತಿಯನ್ನು ನಮ್ಮಲ್ಲಿ ಬಿಟ್ಟು, ತನ್ನೂರಿನ ಇತರ ಗಂಡಸರ ಜೊತೆ ನಿಜಾಮರ ಕೈಗೆಟುಕದ ಹೊಳೆಯಾಚೆ ಹೋಗಿಬಿಟ್ಟಿದ್ದ. ಅಕ್ಕನಿಗೆ ದಿನ ತುಂಬಿತ್ತು. ಪಡಸಾಲೆಯಿಂದ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಎರಡು ಕಡೆ ಕೂಡುತ್ತಿದ್ದಳು. ಊರೆಲ್ಲ ಗುಡ್ಡಕ್ಕೆ ಓಡಬೇಕಾಗಿ ಬಂದರೆ ಅವಳ ಗತಿಯೇನು? ಮನೆಯಲ್ಲಿ ಎಲ್ಲರೂ ಇದೊಂದನ್ನೇ ಯೋಚಿಸುತ್ತಿದ್ದರು, ಯಾರೂ ಆಡುತ್ತಿರಲಿಲ್ಲ.

ಅಷ್ಟರಲ್ಲಿ ಪಕ್ಕದೂರಿನ ಖಬರು ಬಂತು. ಅಲ್ಲಿ ಅವರು ಬರುವುದನ್ನು ಕಂಡವನು ಎಚ್ಚರಿಸಲು ಡೊಳ್ಳು ಬಡಿದಿದ್ದ. ಅವರು ಡೊಳ್ಳಿನ ಸದ್ದು ಹಿಡಿದೇ ನೆಟ್ಟಗೆ ಊರು ಹೊಕ್ಕಿದ್ದರು. ಡೊಳ್ಳಿನವನು ಮತ್ತೆ ಬಡಿಯಲಿಲ್ಲ. ಇದರ ಮೇಲೆ ನಮ್ಮ ದೊಡ್ಡಪ್ಪ ಹನುಮಪ್ಪನ ಗುಡಿಯ ಕಟ್ಟೆಗೆ ಹಿರಿಯರನ್ನು ಕರೆಸಿ, ರುಮಾಲು ಸರಿಮಾಡಿಕೊಂಡು, ಫರ್ಮಾನು ಓದುವವರ ಗತ್ತಿನಲ್ಲಿ ಒಂದು ಬಂದೋಬಸ್ತು ಹೇಳಿದ.

"ಗುಬ್ಬಿ ನೋಡೀರಿಲ್ಲೋ? ಗಿಡುಗ ಬಂತಂದ್ರ ಒದರತಾವೇನು? ಗಪ್ ಆಗತಾವ. ನಾವೂ ಹಂಗ. ಅಟ್ಟದ ಮ್ಯಾಲಿನ ಮಂದಿ ದಿನಾ ಒದರತೀರಿ. ಅವರನ್ನ ಕಂಡಕೂಡ್ಲೆ ಬಾಯಿ ಮುಚ್ಚಿ ಇಳೀರಿ. ಒಬ್ಬ ಮುಚ್ಚಿದ್ರ ಎಲ್ಲಾರೂ ಮುಚ್ಚಬೇಕು. ಕೂಗು ನಿಂತ್ರ ಊರು ಗುಡ್ಡಕ್ಕ ಹೋಗತೈತಿ. ಬರೋರಿಗೆ ಏನ್ ಗೊತ್ತಾಗಬೇಕು? ಇದು ಸುಮ್ಮನಿರೋ ಊರು ಅಂತ ತಿಳೀತಾರ."

ನಮ್ಮ ಮಗ್ಗುಲ ಮನೆಯ ಪಿಂಜಾರ ಕಾಕಾ, ಊರಿನ ಗಾದಿ ತಲೆದಿಂಬಿಗೆಲ್ಲ ಹತ್ತಿ ಹಿಂಜಿ ಕೊಡುವವನು, ಹಿಂದಿನಿಂದ ಕೇಳಿದ: "ಗುಬ್ಬಿಗೆ ರೆಕ್ಕಿ ಅದಾವ್ರೀ ಯಜಮಾನ್ರ. ನಮಗೇನದಾವ?"

"ನಿನಗ ಬಾಯಿ ಐತಲ್ಲ, ಅದನ್ನ ಮುಚ್ಚು ಮೊದ್ಲ."

ಕಟ್ಟೆ ನಕ್ಕಿತು. ಕಾಕಾ ಮುಸಲ್ಮಾನನಾದ್ದರಿಂದ ಸೂರೆ ಮಾಡಲು ಬರುವವರು ಅವನನ್ನು ಬಿಟ್ಟಾರೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಅವನೂ ನಮ್ಮಷ್ಟೇ ಹೆದರಿದ್ದ. ನಗು ಮುಗಿದ ಮೇಲೆ ಎಲ್ಲರೂ ಆ ಏರ್ಪಾಟನ್ನು ಒಪ್ಪಿಕೊಂಡು ಎದ್ದರು. ಅದರಲ್ಲಿ ತಪ್ಪು ಎಲ್ಲಿದೆಯೆಂದು ನನಗೂ ಕಾಣಲಿಲ್ಲ. ಗದ್ದಲವೇ ಕ್ಷೇಮ, ಮೌನವೇ ಗಂಡಾಂತರ ಎಂದು ಒಂದು ಊರಿಗೆ ಊರೇ ಒಪ್ಪಿಕೊಂಡಿದ್ದು ಮಾತ್ರ ವಿಚಿತ್ರ ಅನ್ನಿಸಿತು. ಅಂದಿನಿಂದ ಹೆಂಗಸರು ರೊಟ್ಟಿ ಬಡಿಯುವಾಗ ನಡುವೆ ಕೈ ತಡೆದು ಹೊಲದ ಕಡೆ ಕಿವಿಗೊಡುತ್ತಿದ್ದರು. 'ಹೋ ಹೋ' ಕೇಳಿದರೆ ಮತ್ತೆ ಬಡಿತ.

ಅಕ್ಕನಿಗೆ ದೊಡ್ಡಪ್ಪ ಬೇರೆ ಏರ್ಪಾಟು ಮಾಡಿದ. ನಮ್ಮ ಹಿತ್ತಲಿನಲ್ಲಿ ಹಗೇವು ಇತ್ತು. ಜೋಳ ತುಂಬಿಡಲು ನೆಲದೊಳಗೆ ದೊಡ್ಡ ಕೊಡದ ಹಾಗೆ ತೋಡಿದ ಗುಂಡಿ. ಬಾಯಿ ಇಕ್ಕಟ್ಟು, ಹೊಟ್ಟೆ ಅಗಲ, ಮೇಲೆ ಕಲ್ಲುಚಪ್ಪಡಿ. ಹಳೆ ಕಾಳು ಮುಗಿದು ಅದು ಬರಿದಾಗಿತ್ತು. ಹಗೇವಿನ ಗಾಳಿ ಕೆಟ್ಟದ್ದು. ಕಾಳು ತೆಗೆಯುವ ದಿನ ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಉಳಿದರೆ ಮನುಷ್ಯ ಇಳಿಯಬಹುದು. ಆರಿದರೆ ಇಳಿಯಬಾರದು. ಇಳಿದು ಮೇಲೆ ಬಾರದವರ ಕತೆ ಆ ಸೀಮೆಯಲ್ಲಿ ಊರಿಗೊಂದು ಇತ್ತು. ದೊಡ್ಡಪ್ಪ ಬಾಯಿಯನ್ನು ಸ್ವಲ್ಪ ಅಗಲ ಮಾಡಿಸಿ, ಒಳಗೆ ಹುಲ್ಲು ಹಾಸಿ, ನೀರಿನ ತಂಬಿಗೆ, ಕಂದೀಲು ಇಡಿಸಿದ.

ಅಕ್ಕ ಬಾಯಿಯನ್ನು ಬಗ್ಗಿ ನೋಡಿ ಅಂದಳು: "ದೊಡ್ಡಪ್ಪಾ, ಇದರಾಗ ನಾ ಹಿಡಿಸ್ತೀನೇನು?"

"ವರ್ಷದ ಜ್ವಾಳ ಹಿಡಿಸತೈತಿ, ನೀ ಹಿಡಿಸಲ್ಲೇನು?"

"ಜ್ವಾಳ ಉಸಿರಾಡಲ್ಲ."

ಚಪ್ಪಡಿಯ ಕೆಳಗೆ ಕಟ್ಟಿಗೆ ಚಕ್ಕೆ ಇಟ್ಟು ಸಂದಿ ಬಿಡುವುದೆಂದು ತೀರ್ಮಾನವಾಯಿತು. ಚಪ್ಪಡಿಯ ಮೇಲೆ ಹುಲ್ಲು ಹರಡಿ, ಪಕ್ಕದ ಗೂಟಕ್ಕೆ ಕರುವನ್ನು ಕಟ್ಟುವುದು. ನಾನು ಕಣಕಿ ಬಣವಿಯೊಳಗೆ, ಎಂದರೆ ಜೋಳದ ಒಣದಂಟಿನ ಮೆದೆಯೊಳಗೆ, ಅಡಗಿದ್ದು, ಅಪಾಯ ಕಳೆದ ಮೇಲೆ ಕಲ್ಲು ಸರಿಸುವುದು.

"ಕಳೀತು ಅಂತ ನನಗ ಹೆಂಗ ಗೊತ್ತಾಗಬೇಕು?" ಎಂದೆ.

"ಹೊಲದಾಗ ಕೂಗು ಹುಟ್ಟತೈತಿ. ಅಲ್ಲೀತನಕ ಕಲ್ಲು ಮುಟ್ಟಿದಿ ಅಂದ್ರ ಕೈ ಮುರೀತೀನಿ."

ಒಂದು ಮಧ್ಯಾಹ್ನ, ಅವ್ವ ಅಕ್ಕನಿಗೆ ಸೀತನಿ ತಿಕ್ಕಿ ಕೊಡುತ್ತಿದ್ದಳು. ಸೀತನಿಯೆಂದರೆ ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಉದುರಿಸಿದ ಕಾಳು. ಅವ್ವನ ಕೈ ನಿಂತಿತು. ನಾನು ಅವಳ ಮುಖ ನೋಡಿದೆ. ಬಡಗಣ ಹೊಲದಿಂದ ಬರುತ್ತಿದ್ದ ಕೂಗು ಇರಲಿಲ್ಲ. ನಂತರ ಹಳ್ಳದ ದಂಡೆಯದು ನಿಂತಿತು. ಒಂದೊಂದೇ ಹೊಲ, ದೀಪ ಆರಿಸಿಕೊಂಡು ಹೋದ ಹಾಗೆ. ಕಡೆಗೆ ನಮ್ಮ ಹಿತ್ತಲ ಹಿಂದಿನ ಹೊಲವೂ ಸುಮ್ಮನಾಯಿತು. ಅಷ್ಟು ದೊಡ್ಡ ಮೌನವನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಓಣಿಯಲ್ಲಿ ಯಾರೂ ಚೀರಲಿಲ್ಲ. ಬರೀ ಕಾಲಿನ ಸಪ್ಪಳ. ಬಾಯಿ ಬಿಗಿಹಿಡಿದು ಓಡುವ ನೂರಾರು ಜನರ ಕಾಲು.

ಅಕ್ಕನನ್ನು ಇಳಿಸುವಾಗ ಅವ್ವ, "ನಾನೂ ಇಳೀತೀನಿ" ಎಂದಳು.

"ಇಬ್ಬರಿಗೆ ಗಾಳಿ ಸಾಲಲ್ಲ ಬೇ!" ದೊಡ್ಡಪ್ಪ ಪಿಸುಗುಟ್ಟಿದ.

"ಅಕಿ ಒಬ್ಬಾಕಿ ಅಲ್ಲ, ಇಬ್ಬರದಾರ. ನಾ ಮೂರನೇದಾಕಿ" ಎನ್ನುತ್ತಲೇ ಅವ್ವ ಇಳಿದಾಗಿತ್ತು. ಚಪ್ಪಡಿ ಎಳೆದೆವು, ಚಕ್ಕೆ ಇಟ್ಟೆವು, ಹುಲ್ಲು ಹರಡಿದೆವು, ಕರು ಕಟ್ಟಿದೆವು. ದೊಡ್ಡಪ್ಪ ಗುಡ್ಡದ ಕಡೆ ಹೋದ. ನಾನು ಬಣವಿ ಹೊಕ್ಕೆ.

ಅಲ್ಲಿಂದ ನನಗೆ ಕಾಣುತ್ತಿದ್ದುದು ಕರು ಮಾತ್ರ. ಅದು ನಾವು ಮರೆಮಾಚಲು ಹರಡಿದ ಹುಲ್ಲನ್ನು ಸಾವಕಾಶವಾಗಿ ತಿನ್ನತೊಡಗಿತು. ಒಂದಷ್ಟು ಹುಲ್ಲನ್ನು ಕಾಲಿನಿಂದ ಕೆದರಿ ಸಂದಿಗೇ ತುರುಕಿತು. ನಾನು ಒಳಗಿನಿಂದ ಹಲ್ಲು ಕಚ್ಚಿ ಅದಕ್ಕೆ ಶಾಪ ಹಾಕಿದೆ. ಹೊರಬರುವ ಧೈರ್ಯವಾಗಲಿಲ್ಲ. ಅವರು ಓಣಿಯಲ್ಲಿದ್ದರೆ? ಗೋಡೆಯಾಚೆ ನಿಂತು, ನನ್ನ ಹಾಗೇ ಉಸಿರು ಬಿಗಿಹಿಡಿದು ಕೇಳುತ್ತಿದ್ದರೆ? ಒಣ ಎಲೆ ಉರುಳಿದರೂ ಕುದುರೆಯ ಗೊರಸೆನಿಸುತ್ತಿತ್ತು.

ನೆಲದೊಳಗಿನಿಂದ ಸದ್ದು ಬಂತು. ಟಣ್. ತಂಬಿಗೆಯಿಂದ ಕಲ್ಲಿಗೆ ಬಡಿಯುತ್ತಿದ್ದರು. ಟಣ್, ಟಣ್. ಅವ್ವ ಸುಮ್ಮಸುಮ್ಮನೆ ಬಡಿಯುವವಳಲ್ಲ. ಗಾಳಿ ಮುಗಿಯುತ್ತಿದೆ ಎಂದೇ ಅದರ ಅರ್ಥ. ನಾನು ಹೊಲದ ಕಡೆ ಕಿವಿ ನಿಮಿರಿಸಿದೆ. ಕೂಗಿಲ್ಲ. ಕಲ್ಲು ಸರಿಸಿದರೆ ಅವರ ಕೈಗೆ ನಾನೇ ಒಪ್ಪಿಸಿದ ಹಾಗೆ. ಸರಿಸದಿದ್ದರೆ ಹೂತ ಹಾಗೆ. ದೇವರ ಹೆಸರುಗಳನ್ನು ನೆನಪಿಸಿಕೊಳ್ಳಹೋದೆ, ಒಂದೂ ಬರಲಿಲ್ಲ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಫಾರಸಿ ಕ್ರಿಯಾಪದಗಳು ಮಾತ್ರ ಸಾಲಾಗಿ ಬಂದವು.

ಬಡಿತ ನಿಂತಿತು.

ಆಗ ಇನ್ನೊಂದು ಸದ್ದು ಕೇಳಿಸಿತು. ಬಹಳ ಹೊತ್ತಿನಿಂದ ಇತ್ತೋ ಏನೋ, ನಾನು ಮನುಷ್ಯರ ಕೂಗಿಗೆ ಕಾಯುತ್ತಿದ್ದವನು ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಿತ್ತಲ ಹಿಂದಿನ ಹೊಲದಲ್ಲಿ ಕರಿತಲೆಯ ಹಕ್ಕಿಗಳು ಊಟಕ್ಕೆ ಕೂತಿದ್ದವು. ಚಿರ್ ಚಿರ್, ಕಿಚ ಕಿಚ, ಎಳೆದಾಟ, ಬೈದಾಟ, ಪಂಕ್ತಿಗೆ ಪಂಕ್ತಿಯೇ ಗದ್ದಲ. ಇವಕ್ಕೆ ಯಾರ ಭಯವೂ ಇಲ್ಲ. ನೆರಳು ಅಲುಗಿದರೂ ಏಳುವ ಹಕ್ಕಿ, ಕುದುರೆ ಲಾರಿ ಬಂದ ಊರಿನಲ್ಲಿ ಹೀಗೆ ಕೂತು ತಿನ್ನುವುದುಂಟೇ?

ಅವರು ಇಲ್ಲ. ಎಲ್ಲಿಯೂ ಇಲ್ಲ.

ಬಣವಿಯಿಂದ ಹಾರಿ ಚಪ್ಪಡಿಗೆ ಕೈಹಾಕಿದೆ. ಇಬ್ಬರು ಎಳೆದು ಮುಚ್ಚಿದ ಕಲ್ಲು ಒಬ್ಬನಿಗೆ ಮಿಸುಕಲಿಲ್ಲ. ದೊಡ್ಡಪ್ಪನ ಫರ್ಮಾನಿನಲ್ಲಿ ಈ ಅಂಶ ಬಿಟ್ಟುಹೋಗಿತ್ತು. "ಯಾರದೀರಿ? ಬರ್ರೋ!" ಎಂದು ಚೀರಿದೆ. ಮಗ್ಗುಲ ಗೋಡೆಯ ಮೇಲಿಂದ ಬೆಳ್ಳಗಿನದೊಂದು ಆಕೃತಿ ಎದ್ದಿತು. ಮೈಯೆಲ್ಲ ಹತ್ತಿ ಮೆತ್ತಿಕೊಂಡ ಪಿಂಜಾರ ಕಾಕಾ. ಮೊಣಕಾಲು ನೋವಿನವನು ಓಡಲಾರದೆ ಹತ್ತಿಯ ರಾಶಿಯಲ್ಲಿ ಹೂತುಕೊಂಡಿದ್ದ. ಈಗಷ್ಟೇ ಮೊಟ್ಟೆಯಿಂದ ಬಂದ ಗಿಡುಗನ ಮರಿಯ ಹಾಗೆ ಕಾಣುತ್ತಿದ್ದ. ಗೋಡೆ ಹೇಗೆ ದಾಟಿದನೋ ಅವನ ಮೊಣಕಾಲಿಗೇ ಗೊತ್ತು.

ಕಲ್ಲು ಸರಿಯಿತು. ಮೊದಲು ಕಂಡದ್ದು ಅಕ್ಕನ ಬಾಯಿ. ಗೂಡಿನ ಮರಿಯ ಹಾಗೆ ಮೇಲೆ ಮಾಡಿ ತೆರೆದಿದ್ದ ಬಾಯಿ, ಮುಚ್ಚಿದ ಕಣ್ಣು. ಕೆಳಗೆ ಕತ್ತಲಲ್ಲಿ ಅವ್ವ ಮಗಳನ್ನು ತೊಡೆಯ ಮೇಲೆ ನಿಲ್ಲಿಸಿ, ಸೊಂಟ ಹಿಡಿದು, ಸಂದಿಯ ಹತ್ತಿರಕ್ಕೆ ಎತ್ತಿ ಹಿಡಿದಿದ್ದಳು. ಕಂದೀಲು ಆರಿತ್ತು.

"ಎಳೀರಿ" ಎಂದಳು ಅವ್ವ. ಅವಳ ದನಿಯೇ ಅಲ್ಲ ಅದು.

ಇಬ್ಬರನ್ನೂ ಮೇಲೆಳೆದು, ಅಕ್ಕನನ್ನು ಹಿತ್ತಲಿನಲ್ಲೇ ಮಲಗಿಸಿದೆವು. ಕಾಕಾ ತನ್ನ ಮುಂಡಾಸಿನಿಂದ ಗಾಳಿ ಹಾಕಿದ. ಹತ್ತಿಯೆಲ್ಲ ಎದ್ದು ಅವಳ ಮೂಗಿಗೇ ಹೋಯಿತು. ಅವಳು ಸೀನಿದಳು. ಆ ಸೀನಿಗಿಂತ ಮಂಗಳಕರವಾದ ಸದ್ದನ್ನು ನಮ್ಮ ವಂಶದಲ್ಲಿ ಯಾರೂ ಕೇಳಿರಲಾರರು.

ಸಂಜೆ ಹೊತ್ತಿಗೆ ಊರು ಗುಡ್ಡದಿಂದ ನಾಚಿಕೊಂಡು ಇಳಿಯಿತು. ಕಟ್ಟೆಯ ಮೇಲೆ ವಿಚಾರಣೆ ನಡೆಯಿತು. ಬಡಗಣ ಹೊಲದ ಅಟ್ಟದವನನ್ನು ನಿಲ್ಲಿಸಿ ದೊಡ್ಡಪ್ಪ ಕೇಳಿದ: "ಮೊದ್ಲ ನೀ ಗಪ್ ಆದಿ. ಏನ್ ಕಂಡೀಲೇ?"

"ಗಿಡುಗ ಕಂಡೆ."

"ಗಿಡುಗ?"

"ಹೂಂರೀ. ಗಿಡುಗ ಬಂತು, ಹಕ್ಕಿ ಅಷ್ಟೂ ಹೋದುವು. ಹಕ್ಕೀನೇ ಇಲ್ಲಂದ್ರ ಯಾರಿಗೆ ಒದರ್ಲಿ? ನೀರು ಕುಡದೆ, ಕುಂತೆ. ಹಳ್ಳದ ದಂಡ್ಯಾಗಿನಾಂವ ನನ್ನ ದನಿ ನಿಂತದ್ದು ಕೇಳಿ ತಾನೂ ನಿಲ್ಲಿಸ್ಯಾನ."

"ಆಮ್ಯಾಲೆ ಗಿಡುಗ ಹೋತಲ್ಲ, ಆವಾಗರೆ ಒದರಬೇಕಿಲ್ಲೋ?"

"ಅಷ್ಟೊತ್ತಿಗೆ ನೀವೆಲ್ಲಾ ಗುಡ್ಡಕ್ಕ ಓಡಾಕತ್ತಿದ್ರಿ! ನಿಮ್ಮನ್ನ ನೋಡಿ, ಅವರು ಬಂದಾರ ಅಂತ ನಾನೂ ಜ್ವಾಳದಾಗ ಬಕ್ಕಬಾರ್ಲೆ ಬಿದ್ದೆ."

ಯಾರೂ ನಗಲಿಲ್ಲ. ಒಂದು ಗಿಡುಗ ಹಕ್ಕಿಗಳನ್ನು ಹೆದರಿಸಿತ್ತು, ಹಕ್ಕಿಗಳು ಹೋಗಿ ಅಟ್ಟಗಳನ್ನು ಸುಮ್ಮನಾಗಿಸಿದ್ದವು, ಅಟ್ಟಗಳು ಊರನ್ನು ಓಡಿಸಿದ್ದವು, ಓಡುವ ಊರು ಅಟ್ಟದವರನ್ನು ನೆಲಕ್ಕೆ ಕೆಡವಿತ್ತು. ಮೊದಲನೆಯದು ಯಾಕೆ ಎದ್ದಿತೆಂದು ನಾವೂ ವಿಚಾರಿಸಿರಲಿಲ್ಲ. ದೊಡ್ಡಪ್ಪ ರುಮಾಲು ತೆಗೆದು, ನೋಡಿ, ಮತ್ತೆ ಸುತ್ತಿಕೊಂಡು ತಿದ್ದುಪಡಿ ಹೊರಡಿಸಿದ: ಹಕ್ಕಿ ಇರಲಿ, ಇಲ್ಲದಿರಲಿ, ಕೂಗತಕ್ಕದ್ದು. ಅಕ್ಕನ ಹಗೇವಿಗೆ ಅವನು ಮರುದಿನವೇ ಮಣ್ಣು ತುಂಬಿಸಿದ. ಹಾಗೇಕೆಂದು ಕೇಳಿದವರಿಗೆ ಇಲಿ ಕಾಟ ಎಂದ.

ಆ ಮಧ್ಯಾಹ್ನ ಹಕ್ಕಿ ತಿಂದು ನಮ್ಮ ಹೊಲದ ಒಂದು ಮಗ್ಗುಲಲ್ಲಿ ಬರೀ ದಂಟು ಉಳಿದಿತ್ತು. "ತಿನ್ಲಿ ಬಿಡು" ಎಂದಳು ಅವ್ವ. ಅಷ್ಟೇ.

ಅವರು ನಮ್ಮೂರಿಗೆ ಕಡೆಗೂ ಬರಲಿಲ್ಲ. ಆದರೆ ಬಾರದ ಅವರು ಹೋಗಲೂ ಇಲ್ಲ. ಅಕ್ಕ ಅದೇ ವಾರ ಹೆತ್ತಳು, ಹೆಣ್ಣು. ಕೂಸು ಹುಟ್ಟಿದಾಗ ಸ್ವಲ್ಪ ಹೊತ್ತು ಅಳಲಿಲ್ಲ. ಆ ಹೊತ್ತಿನಲ್ಲಿ ಅಕ್ಕ ಕೈ ಚಾಚಿ ಗಾಳಿಯನ್ನು ತಡವುತ್ತಿದ್ದಳಂತೆ, ಕಲ್ಲು ಹುಡುಕುವ ಹಾಗೆ. ಆಮೇಲೆ ಕೂಸು ಒದರಿತು, ಓಣಿಗೆಲ್ಲ ಕೇಳುವ ಹಾಗೆ. ಯಾರೂ ಅದನ್ನು ಸುಮ್ಮನಾಗಿಸಲು ಹೋಗಲಿಲ್ಲ.

ಮದುವೆಗೆ ಮುಂಚೆ ಅಕ್ಕ ಊರಿನಲ್ಲೇ ಕವಣಿಯಲ್ಲಿ ಪಳಗಿದ ಕೈ. ಹಾರುವ ಗಿಳಿಯನ್ನು ಹೊಡೆದು ಕೆಡವುತ್ತಿದ್ದಳು. ಮಾವ ಹೊಳೆಯಾಚೆಯಿಂದ ಬಂದು ಕರೆದುಕೊಂಡು ಹೋದ ಮೇಲೆ ನಾನೊಮ್ಮೆ ಸಾಲಗುಂದಕ್ಕೆ ಹೋಗಿದ್ದೆ. ಅವಳು ಅಂಗಳಕ್ಕೆ ಸೇರುಗಟ್ಟಲೆ ಜೋಳ ಚೆಲ್ಲಿ ಬಾಗಿಲಲ್ಲಿ ಕೂತಿದ್ದಳು. ಗುಬ್ಬಿ, ಗೊರವಂಕ, ಕಾಗೆಗಳು ಕಾಲಿಡಲು ಜಾಗವಿಲ್ಲದ ಹಾಗೆ ಮುತ್ತಿ ಕಿತ್ತಾಡುತ್ತಿದ್ದವು. ನಾನು ಬೂಟುಗಾಲಿನಲ್ಲಿ ಅಂಗಳಕ್ಕೆ ಬಂದೆ. ಎಲ್ಲವೂ ಒಮ್ಮೆಲೇ ಎದ್ದವು. ಅಂಗಳ ಗಪ್ಪಾಯಿತು.

ಅಕ್ಕನ ಕೈ ಎದೆಗೆ ಹೋಯಿತು. ಬಾಯಿ ತೆರೆಯಿತು. ಆ ಬಾಯಿಯನ್ನು ನಾನು ಒಮ್ಮೆ ಕಂಡಿದ್ದೆ.

"ಅಲ್ಲೇ ನಿಲ್ಲೋ ತಮ್ಮಾ" ಎಂದಳು. "ಅಲುಗಬ್ಯಾಡ. ಅವು ಮತ್ತ ಬರ್ಲಿ."

ನಾನು ಕಂಬದ ಹಾಗೆ ನಿಂತೆ. ಬಹಳ ಹೊತ್ತಿನ ಮೇಲೆ ಒಂದು ಗುಬ್ಬಿ ಇಳಿಯಿತು. ಅದರ ಹಿಂದೆ ಇನ್ನೊಂದು. ಕಡೆಗೆ ಜಗಳ ಮತ್ತೆ ಶುರುವಾಯಿತು. ಅಕ್ಕ ಉಸಿರು ಬಿಟ್ಟು, "ಈಗ ಬಾ, ಕೈಕಾಲು ತೊಳ್ಕೋ" ಎಂದಳು.